ಅಲ್ಪವೆಚ್ಚದ ಲೋಕಸಂಗ್ರಹ

ಬಾದಾಮಿಯ ಗುಹಾಲಯಗಳನ್ನೂ ಪಟ್ಟದಕಲ್ಲಿನ ದೇಗುಲಗಳನ್ನೂ ನೋಡಲು ದೇಶದೇಶಗಳಿಂದ ಬರುವ ಪ್ರವಾಸಿಗರು ಹಿಂದಿರುಗುವಾಗ, ತಮ್ಮ ನಾಡಿನ ಅಲ್ಪಮೌಲ್ಯದ ನೋಟೊಂದನ್ನು ಸ್ನೇಹದ ಕುರುಹಾಗಿ ಯಾರಿಗಾದರೂ ಕೊಟ್ಟುಹೋಗುವುದುಂಟು; ಇಳಕಲ್ಲಿನ ಕೆಂಪು ಗ್ರಾನೈಟನ್ನು ಹೊರನಾಡಿಗೆ ಕಳುಹಿಸುವವರ ಮೇಜಿನ ಗಾಜಿನಡಿಯಲ್ಲಿಯೋ, ದುಡಿಮೆಗೆಂದು ಗಲ್ಫ್ ದೇಶಗಳಿಗೆ ಹೋಗಿಬಂದವರ ಮನೆಯ ಟ್ರಂಕಿನಲ್ಲಿಯೋ ಅಂಥ ಒಂದೆರಡು ಕಾಗದಗಳು ಉಳಿದಿರುವುದೂ ಉಂಟು. ಇವುಗಳಿಗೆ ಪೇಟೆಯಲ್ಲಿ ಒಂದು ಕಪ್ಪು ಚಹವೂ ಹುಟ್ಟದು. ಆದರೆ ಕೊಡುಕೊಳ್ಳುವ ಕೆಲಸದಿಂದ ಬಿಡುಗಡೆಯಾದ ಮೇಲೆಯೇ ನೋಟು ನೋಡತಕ್ಕ ವಸ್ತುವಾಗುವುದು. ಹೀಗೆ ನೋಡುವುದರಲ್ಲಿ ರುಚಿ ಹತ್ತಿದವರು ಲೋಕದ ನಾನಾ ರಾಷ್ಟ್ರಗಳ ಕಾಗದದ ಹಣವನ್ನು ಕಲೆಹಾಕುವ ಹವ್ಯಾಸವನ್ನು ಬೆಳೆಸಿಕೊಂಡಿದ್ದಾರೆ.

ಪ್ರಾಚೀನ ನಾಣ್ಯಗಳ ಸಂಗ್ರಹ ಶ್ರೀಮಂತರ ವಿನೋದವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ಅದು ನಿರಾಧಾರವೂ ಅಲ್ಲ. ಬಂಗಾರದ ವರಾಹವೊಂದನ್ನು ಕೊಳ್ಳುವ ಶಕ್ತಿ ಶಾಲೆಯ ಮಾಸ್ತರರಿಗಾಗಲಿ ಮಗ್ಗದ ನೇಕಾರರಿಗಾಗಲಿ ಎಲ್ಲಿಂದ ಬರಬೇಕು? ನೋಟುಗಳ ವಿಷಯ ಬೇರೆ. ನೇಪಾಳ, ಭೂತಾನ, ಕಾಂಬೋಡಿಯ, ಮಂಗೋಲಿಯ, ಇಂಡೋನೇಶಿಯ ಮೊದಲಾದ ದೇಶಗಳ ಸಣ್ಣ ಮೌಲ್ಯದ ನೋಟುಗಳು, ಯಾರ ಕೈಯೂ ಬಳಸದ ಗರಿಗರಿ ಸ್ಥಿತಿಯಲ್ಲಿಯೇ, ಒಂದು ಖಾನಾವಳಿಯ ಊಟದ ವೆಚ್ಚದೊಳಗೆ ದೊರೆಯುತ್ತವೆ. ಹೀಗಾಗಿ ಇಲ್ಲಿ ದುರ್ಲಭವಾದದ್ದು ಧನಕ್ಕಿಂತ ಹೆಚ್ಚಾಗಿ ಆಯ್ಕೆಯ ವಿವೇಕ. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡ ಆಲ್ಬಮ್ಮು ಚಿಲ್ಲರೆ ಗಲ್ಲಾಪೆಟ್ಟಿಗೆಯಂತೆ ತೋರುತ್ತದೆ. ಒಂದು ವಿಷಯವನ್ನು ಹಿಡಿದು ಪೋಣಿಸಿದ ಇಪ್ಪತ್ತೇ ನೋಟುಗಳು, ಅಗ್ಗದವೇ ಆಗಿದ್ದರೂ, ಒಂದು ಗ್ರಂಥದಂತೆ ಓದಿಸಿಕೊಳ್ಳುತ್ತವೆ.

ವಿಷಯವನ್ನು ಅವರವರ ಅಭಿರುಚಿಗೆ ತಕ್ಕಂತೆ ಆರಿಸಿಕೊಳ್ಳಬಹುದು. ಪ್ರಾಣಿಗಳನ್ನು ಮೆಚ್ಚುವವರಿಗೆ ನೇಪಾಳದ ಮಾಲಿಕೆಯೊಂದೇ ಸಾಕು: ಮುಂಬದಿಯಲ್ಲಿ ಎವರೆಸ್ಟ್ ಶಿಖರ, ಹಿಂಬದಿಯಲ್ಲಿ 10 ರೂಪಾಯಿಗೆ ಕೃಷ್ಣಮೃಗ, 50ಕ್ಕೆ ಹಿಮಚಿರತೆ, 100ಕ್ಕೆ ಘೇಂಡಾಮೃಗ, 500ಕ್ಕೆ ಹುಲಿ, 1000ಕ್ಕೆ ಆನೆ. ಆದರೆ ಚಾಲುಕ್ಯರ ನಾಡಿನಲ್ಲಿ ಹುಟ್ಟಿದವರಿಗೆ ಕಲ್ಲಿನಷ್ಟು ಸಹಜವಾದ ವಿಷಯ ಮತ್ತಾವುದಿದ್ದೀತು? ಅದಕ್ಕೆ ಬೇಕಾದ ಮೊದಲ ಮೂರು ನೋಟುಗಳು ನಮ್ಮ ಜೇಬಿನಲ್ಲಿಯೇ ಇವೆ. 2017ರಲ್ಲಿ ಹೊರಬಂದ ನೀಲವರ್ಣದ 50 ರೂಪಾಯಿಯ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥ, 2018ರ 10 ರೂಪಾಯಿಯಲ್ಲಿ ಕೊನಾರ್ಕದ ಸೂರ್ಯರಥದ ಚಕ್ರ, 2019ರ 20 ರೂಪಾಯಿಯಲ್ಲಿ ಎಲ್ಲೋರದ ಗುಹಾಲಯ. ಪಟ್ಟದಕಲ್ಲು ಈ ಮಾಲಿಕೆಯಲ್ಲಿ ಇಲ್ಲವಲ್ಲ ಎಂದು ಕೊರಗುವವರು 20 ರೂಪಾಯಿಯನ್ನು ಇನ್ನೊಮ್ಮೆ ನೋಡಬೇಕು; ಲೋಕಮಹಾದೇವಿಯು ಕ್ರಿ.ಶ. 740ರ ಸುಮಾರಿಗೆ ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನೇ ಮಾದರಿಯಾಗಿರಿಸಿಕೊಂಡು ಎಲ್ಲೋರದ ಕೈಲಾಸವನ್ನು ಕಡೆದರೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯವಾಗಿರುವುದರಿಂದ, ಮಲಪ್ರಭೆಯ ದಡದ ಶಿಲ್ಪಿಗಳ ಕೈವಾಡ ಅಲ್ಲಿ ಪರೋಕ್ಷವಾಗಿ ಉಂಟೇ ಉಂಟು.

50 ರೂಪಾಯಿಯ ನೋಟನ್ನು ಒಂದು ಭೂತಗನ್ನಡಿಯ ಕೆಳಗಿರಿಸಿ ನೋಡಿರಿ. ರಥದ ಎಡಕ್ಕಿರುವ ಭಾಷೆಗಳ ಪಟ್ಟಿಯಲ್ಲಿ, ಅಸ್ಸಾಮೀ, ಬಂಗಾಳಿ, ಗುಜರಾತಿಗಳ ಬೆನ್ನಲ್ಲಿ, ನಾಲ್ಕನೆಯ ಸಾಲಾಗಿ ಕನ್ನಡವು ನಿಂತಿದೆ. ಮುಂಬದಿಗೆ ತಿರುಗಿಸಿದರೆ ಕ್ರಮಸಂಖ್ಯೆಯ ಅಂಕಗಳು ಒಂದೇ ಗಾತ್ರದವಲ್ಲ, ಎಡದಿಂದ ಬಲಕ್ಕೆ ಹೋದಂತೆ ದೊಡ್ಡದಾಗುತ್ತ ಹೋಗುತ್ತವೆ. ಆ ಅಂಕಗಳ ನಡುವೆ ಒಂದು ನಕ್ಷತ್ರ ಕಂಡಿತೋ, ಮುದ್ರಣದಲ್ಲಿ ಕೆಟ್ಟುಹೋದ ಹಾಳೆಯ ಬದಲಿಗೆ ಬಂದದ್ದೆಂದು ತಿಳಿಯಬೇಕು. ಸಂಗ್ರಾಹಕರು ‘ಸ್ಟಾರ್ ನೋಟು’ ಎಂದು ಹುಡುಕಾಡುವುದು ಇದನ್ನೇ. ವರ್ಷಗಟ್ಟಲೆ ಕೈಯಲ್ಲಿ ಹಾದುಹೋದ ವಸ್ತುವಿನಲ್ಲಿ ಇಷ್ಟನ್ನು ಕಂಡವನಿಗೆ ಪರದೇಶದ ನೋಟನ್ನು ನೋಡುವ ಕಣ್ಣು ತಾನಾಗಿ ಬರುತ್ತದೆ.

ಈಜಿಪ್ಟಿನ 1 ಪೌಂಡಿನ ನೋಟಿನ ಒಂದು ಬದಿಯಲ್ಲಿ ಕೈರೋ ನಗರದ ಮಸೀದಿ, ಇನ್ನೊಂದು ಬದಿಯಲ್ಲಿ ಅಬು ಸಿಂಬೆಲ್‌ನ ಬಂಡೆಯಲ್ಲಿ ಕಡೆದ ಮಹಾಪುರುಷ ವಿಗ್ರಹಗಳು. ಆಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಆ ದೇವಾಲಯಗಳನ್ನು 1964ರಿಂದ 1968ರವರೆಗೆ ತುಂಡುತುಂಡಾಗಿ ಕೊಯ್ದು ಮೇಲಣ ಎತ್ತರದಲ್ಲಿ ಪುನಃ ಜೋಡಿಸಿದರು. ಆಲಮಟ್ಟಿಯ ಹಿನ್ನೀರಿಗೆ ಹುಟ್ಟಿದ ಓಣಿಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದು ನೆಲೆಸಿದ ಬಾಗಲಕೋಟೆಯ ಜನರಿಗೆ ಈ ಚಿತ್ರದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಕಾಂಬೋಡಿಯದ ನೋಟುಗಳಲ್ಲಿ ಆಂಗ್ಕೋರ್ ವಾಟ್‌ನ ಗೋಪುರಗಳಿವೆ. ಇಂಡೋನೇಶಿಯವು 1998ರಲ್ಲಿ ಹೊರಡಿಸಿದ 20,000 ರುಪಿಯಾ ನೋಟಿನಲ್ಲಿ ವಿದ್ಯಾಗುರುವೊಬ್ಬನ ಭಾವಚಿತ್ರದ ಪಕ್ಕದಲ್ಲಿ ಸಾಕ್ಷಾತ್ ಗಣೇಶನೇ ಇದ್ದಾನೆ, ವಾತಾಪಿ ಗಣಪತಿಯ ಊರಿನವರು ಇದನ್ನು ಬಿಟ್ಟಾರೆಯೆ! ಜಿಂಬಾಬ್ವೆಯ ನೋಟುಗಳಲ್ಲಿ ಒಂದರ ಮೇಲೊಂದು ತೂಗಿನಿಂತಿರುವ ಬಂಡೆಗಳಂತೂ ಹಂಪೆಯ ಬಂಡೆಗಳ ದಾಯಾದಿಗಳೋ ಎನ್ನಿಸುತ್ತವೆ. ಆ ದೇಶದ ಹಣ ಕುಸಿದುಬಿದ್ದ ಕಾಲದಲ್ಲಿ, 2009ರಲ್ಲಿ, ಹೊರಬಂದ ನೂರು ಟ್ರಿಲಿಯನ್ ಡಾಲರಿನ ನೋಟಿನಲ್ಲಿ ಒಂದರ ಮುಂದೆ ಹದಿನಾಲ್ಕು ಸೊನ್ನೆಗಳಿವೆ. ನಮ್ಮ ಲೆಕ್ಕದಲ್ಲಿ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು. ವಿನೋದವೆಂದರೆ, ಚಲಾವಣೆಯಲ್ಲಿದ್ದಾಗ ಬೆಲೆಯಿಲ್ಲದ ಅದು ಸಂಗ್ರಾಹಕರ ಪೈಪೋಟಿಯಿಂದಾಗಿ ಈಗ ತುಟ್ಟಿಯಾಗಿದೆ. ಬಂಡೆಗಳನ್ನು ನೋಡಬೇಕೆಂಬಷ್ಟೇ ಆಸೆಯುಳ್ಳವರಿಗೆ ಅದೇ ಮಾಲಿಕೆಯ ಕೆಳಗಣ ಮೌಲ್ಯದವು ಸಾಕು.

ಇಳಕಲ್ಲಿನ ನೇಕಾರರ ಕುತೂಹಲವನ್ನು ಕೆರಳಿಸತಕ್ಕ ಪ್ರಸಂಗವೊಂದು ಜರ್ಮನಿಯಲ್ಲಿ ನಡೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೂ ಅದರ ಅನಂತರದಲ್ಲಿಯೂ ಚಿಲ್ಲರೆಯ ಅಭಾವವಾದಾಗ ಅಲ್ಲಿನ ಊರೂರುಗಳೇ ‘ನೋಟ್‌ಗೆಲ್ಡ್’ ಎಂಬ ಆಪದ್ಧನವನ್ನು ಅಚ್ಚುಹಾಕಿದುವು; ಬೀಲೆಫೆಲ್ಡ್ ಎಂಬ ಜವಳಿಪಟ್ಟಣವು ರೇಷ್ಮೆಯ ಮೇಲೆಯೂ ನಾರುಬಟ್ಟೆಯ ಮೇಲೆಯೂ ಅದನ್ನು ಮುದ್ರಿಸಿತು. ರೇಷ್ಮೆಯವು ಈಗ ಸುಲಭವಾಗಿ ಕೈಗೆಟುಕವು, ಆದರೆ ಊರ ಪುರಾಣಕಥೆಗಳನ್ನೂ ಗಡಿಯಾರದ ಗೋಪುರಗಳನ್ನೂ ಬಣ್ಣಬಣ್ಣವಾಗಿ ತೋರಿಸುವ ಕಾಗದದವು ಇಂದಿಗೂ ಅಗ್ಗ. ಒಡಲಿಗೆ ಹತ್ತಿಯನ್ನೂ ಸೆರಗಿಗೆ ರೇಷ್ಮೆಯನ್ನೂ ಕೊಂಡಿಹಾಕಿ ಕೂಡಿಸುವ ಊರಿನವರು, ನಮ್ಮ ನೋಟಿನ ಕಾಗದವೂ ಹತ್ತಿಯಿಂದಲೇ ಆದದ್ದೆಂದು ತಿಳಿದರೆ ಅದನ್ನು ಬೆರಳುಗಳ ನಡುವೆ ಬೇರೊಂದು ರೀತಿಯಿಂದ ಉಜ್ಜಿ ನೋಡಿಯಾರು.

ಪರದೇಶದ ಹಣವೆಂಬುದು ಈ ಸೀಮೆಗೆ ಎಂದೂ ದೂರದ ಸಂಗತಿಯಾಗಿರಲಿಲ್ಲ. ಹುನಗುಂದ, ಇಳಕಲ್ಲುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದಾಗ, ಕೆಲವೇ ಹರದಾರಿಗಳಾಚೆಯ ಕುಷ್ಟಗಿ ನಿಜಾಮರ ರಾಜ್ಯದಲ್ಲಿತ್ತು. 1918ರಿಂದ ಹೈದರಾಬಾದು ಸಂಸ್ಥಾನವು ಹೊರಡಿಸಿದ ನೋಟುಗಳಲ್ಲಿ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳೊಂದಿಗೆ ಕನ್ನಡದಲ್ಲಿಯೂ ಮೌಲ್ಯವನ್ನು ಬರೆದಿತ್ತು. ಮಡಿಕೆಬಿದ್ದು ಅಂಚು ಹರಿದ ಅಂಥ ಒಂದು ನೋಟು ಯಾರದಾದರೂ ಅಜ್ಜನ ದಫ್ತರದಲ್ಲಿ ಸಿಕ್ಕರೆ ಅದನ್ನು ರದ್ದಿಯೊಡನೆ ಹಾಕಬಾರದು.

ಇನ್ನು ರಕ್ಷಣೆಯ ಮಾತು. ನೋಟನ್ನು ಒಣಗಿದ ಕೈಯಿಂದ ಅಂಚಿನಲ್ಲಿ ಹಿಡಿಯಬೇಕು; ತೊಳೆಯುವುದು, ಇಸ್ತ್ರಿ ಮಾಡುವುದು, ಟೇಪು ಅಂಟಿಸುವುದು, ಲ್ಯಾಮಿನೇಶನ್ ಮಾಡಿಸುವುದು, ಈ ನಾಲ್ಕೂ ಉಪಕಾರದ ಹೆಸರಿನ ಅಪಕಾರಗಳು. ಪಿ.ವಿ.ಸಿ. ಹಾಳೆಯ ಆಲ್ಬಮ್ಮುಗಳು ಕಾಲಾಂತರದಲ್ಲಿ ಜಿಗುಟಾಗಿ ಮಸಿಯನ್ನು ಕೆಡಿಸುವುದರಿಂದ ಪಾಲಿಪ್ರೊಪಿಲೀನ್ ಇಲ್ಲವೆ ಪಾಲಿಯೆಸ್ಟರಿನವನ್ನು ಕೇಳಿ ಕೊಳ್ಳತಕ್ಕದ್ದು. ಹಳೆಯ ಭಾರತೀಯ ನೋಟುಗಳ ಎಡಗಡೆಯ ಪಿನ್ನಿನ ತೂತುಗಳಿಗೆ ಬೇಸರಪಡಬೇಕಾಗಿಲ್ಲ. ಕಂತೆಗೆ ಪಿನ್ನು ಹೊಡೆಯಬಾರದೆಂದು ರಿಸರ್ವ್ ಬ್ಯಾಂಕು 2001ರಲ್ಲಿ ಆಜ್ಞಾಪಿಸುವವರೆಗೆ ಅದೇ ರೂಢಿಯಾಗಿತ್ತು. 786ರಂಥ ಅಂಕಗಳುಳ್ಳ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊದಲು ಶುಲ್ಕ ಕೇಳುವವರ ಮಾತಿಗೆ ಕಿವಿಗೊಡಬಾರದು. ಕಾನೂನಿನ ಎಲ್ಲೆಯನ್ನೂ ಅರಿತಿರಬೇಕು: 2016ರಲ್ಲಿ ರದ್ದಾದ 500 ಮತ್ತು 1000 ರೂಪಾಯಿಗಳ ನೋಟುಗಳನ್ನು ಸಾಮಾನ್ಯರು ಒಟ್ಟು 10ಕ್ಕಿಂತಲೂ, ಅಧ್ಯಯನಕ್ಕಾಗಿ ಸಂಗ್ರಹಿಸುವವರು 25ಕ್ಕಿಂತಲೂ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಶಾಸ್ತ್ರೋಕ್ತವಾಗಿ ಮುಂದುವರಿಯಬಯಸುವವರು ಜರ್ಮನಿಯ ಆಲ್ಬರ್ಟ್ ಪಿಕ್ ಎಂಬ ವಿದ್ವಾಂಸನ ಸೂಚಿಯನ್ನು ಅನುಸರಿಸುತ್ತಾರೆ. ಆತ ಕೊಟ್ಟ ಅನುಕ್ರಮವೇ ‘ಪಿಕ್ ಸಂಖ್ಯೆ’ಯೆಂದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಭಾರತದ ನೋಟುಗಳ ಇತಿಹಾಸವನ್ನು ಕಣ್ಣಾರೆ ನೋಡಬೇಕಾದರೆ ರಿಜ್ವಾನ್ ರಜಾಕ್ ಅವರು 2020ರಲ್ಲಿ ಬೆಂಗಳೂರಿನಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಆದರೆ ಅಲ್ಲಿಯವರೆಗೆ ಹೋಗಲಾಗದ ಹುನಗುಂದದ ಹಳ್ಳಿಯ ಮಕ್ಕಳ ಪಾಲಿಗೆ, ಇಪ್ಪತ್ತು ನೋಟುಗಳನ್ನು ಭೂಪಟವೊಂದರ ಸುತ್ತ ಜೋಡಿಸಿ, ಒಂದೊಂದರ ಕೆಳಗೆ ದೇಶದ ಹೆಸರನ್ನೂ ಚಿತ್ರದ ವಿವರವನ್ನೂ ಎರಡು ಸಾಲಿನಲ್ಲಿ ಬರೆದು ಶಾಲೆಯಲ್ಲಿ ಒಂದು ದಿನ ತೋರಿಸಬಲ್ಲ ಸಂಗ್ರಾಹಕನೇ ಹೆಚ್ಚಿನವನು. ಆತನಿಗಾಗುವ ಖರ್ಚು ಒಂದು ಸಾಧಾರಣ ಇಳಕಲ್ ಸೀರೆಯ ಬೆಲೆಯನ್ನು ಮೀರಲಾರದು.