ಹೊಲದ ಮಣ್ಣಿನಲ್ಲಿ ದೊರೆತ ಔಷಧಿ

ಹಾಲುಣ್ಣುವ ಕೂಸಿನ ನಾಲಿಗೆಯ ಮೇಲೆ ಕೆಲವೊಮ್ಮೆ ಮೊಸರಿನಂತಹ ಬಿಳಿಯ ಪದರ ಕಾಣಿಸಿಕೊಳ್ಳುವುದುಂಟು. ಬಲವಾಗಿ ಒರೆಸಿದರೆ ಅಡಿಯಲ್ಲಿ ರಕ್ತ ಜಿನುಗುತ್ತದೆ. ಕೆಲವು ಸ್ತ್ರೀಯರಿಗೆ, ವಿಶೇಷವಾಗಿ ಗರ್ಭಿಣಿಯರಿಗೆ, ಜನನಾಂಗದಲ್ಲಿ ತೀವ್ರವಾದ ತುರಿಕೆಯೂ ಒಡೆದ ಹಾಲಿನಂತಹ ಸ್ರಾವವೂ ಉಂಟಾಗುತ್ತವೆ. ಎರಡಕ್ಕೂ ಸಾಮಾನ್ಯವಾಗಿ ಕಾರಣವಾದುದು ಕ್ಯಾಂಡಿಡಾ ಎಂಬ ಶಿಲೀಂಧ್ರ, ಅಂದರೆ ಬೂಷ್ಟಿನ ವರ್ಗಕ್ಕೆ ಸೇರಿದ ಸೂಕ್ಷ್ಮಜೀವಿ. ಇದು ನಡತೆಯ ದೋಷದಿಂದ ಬರುವುದಲ್ಲ. ಆದರೂ ನಾಚಿಕೆಯಿಂದ ಪತಿಗೂ ತಿಳಿಸದೆ ತಿಂಗಳುಗಟ್ಟಲೆ ಸಹಿಸುವವರು ಅನೇಕರಿದ್ದಾರೆ.

ಇಂತಹ ಶಿಲೀಂಧ್ರಗಳ ಅಧ್ಯಯನಕ್ಕೆ ತಮ್ಮನ್ನು ಮುಡಿಪಾಗಿಟ್ಟವರಲ್ಲಿ ಅಮೆರಿಕದ ಎಲಿಜಬೆತ್ ಹೇಝನ್ ಪ್ರಮುಖರು. 1885ರಲ್ಲಿ ಮಿಸಿಸಿಪಿ ರಾಜ್ಯದ ಹಳ್ಳಿಯೊಂದರಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದರು. ಉಪಾಧ್ಯಾಯಿನಿಯಾಗಿ ದುಡಿದು, 1927ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದಾಗ ಅವರಿಗೆ ನಲವತ್ತೆರಡು ವರ್ಷ. ಅನಂತರ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯವನ್ನು ಸೇರಿದರು.

1940ರ ದಶಕದಲ್ಲಿ ಪೆನಿಸಿಲಿನ್ ಮುಂತಾದ ಆಂಟಿಬಯೋಟಿಕ್ ಔಷಧಿಗಳು ಬಳಕೆಗೆ ಬಂದವು. ಅವು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ, ಶಿಲೀಂಧ್ರಗಳನ್ನಲ್ಲ. ನಮ್ಮ ಬಾಯಿ, ಕರುಳು, ಯೋನಿಗಳಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಗಳೇ ಕ್ಯಾಂಡಿಡಾವನ್ನು ಹದ್ದಿನಲ್ಲಿಟ್ಟಿರುತ್ತವೆ. ಅವು ನಾಶವಾದರೆ, ಕಾವಲಿಲ್ಲದ ಹೊಲದಲ್ಲಿ ಕಳೆ ಹಬ್ಬುವಂತೆ ಅದು ಹಬ್ಬುತ್ತದೆ. (ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ಮಾತ್ರೆ ನುಂಗುವವರು ಇದನ್ನು ಗಮನಿಸಬೇಕು.)

ಈ ಶತ್ರುವಿಗೆ ತಕ್ಕ ಮದ್ದನ್ನು ಹೇಝನ್ ಮಣ್ಣಿನಲ್ಲಿ ಹುಡುಕಿದರು. ನಾನಾ ಕಡೆಯ ಮಣ್ಣಿನಿಂದ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಶಿಲೀಂಧ್ರವನ್ನು ಕೊಲ್ಲುವಂತಹವನ್ನು ಆರಿಸಿ, ಗಾಜಿನ ಜಾಡಿಗಳಲ್ಲಿ ತುಂಬಿ ಆಲ್ಬನಿ ನಗರದಲ್ಲಿದ್ದ ರಸಾಯನಶಾಸ್ತ್ರಜ್ಞೆ ರೇಚಲ್ ಬ್ರೌನ್ ಅವರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಬ್ರೌನ್ ಸತ್ವವನ್ನು ಬೇರ್ಪಡಿಸಿ ಅಂಚೆಯಲ್ಲಿಯೇ ಹಿಂತಿರುಗಿಸುವರು. ಶಿಲೀಂಧ್ರವನ್ನು ಕೊಂದ ಹಲವು ಸತ್ವಗಳು ಪ್ರಯೋಗದ ಪ್ರಾಣಿಗಳಿಗೂ ವಿಷವಾದವು. ಕೊನೆಗೆ 1948ರಲ್ಲಿ, ವರ್ಜೀನಿಯಾದಲ್ಲಿದ್ದ ಸ್ನೇಹಿತರೊಬ್ಬರ ಹೊಲದಿಂದ ಹೇಝನ್ ತಂದ ಮಣ್ಣಿನಲ್ಲಿ ಬೇಕಾದುದು ದೊರೆಯಿತು. 1950ರಲ್ಲಿ ಪ್ರಕಟವಾದ ಆ ಔಷಧಿಗೆ, ನ್ಯೂಯಾರ್ಕ್ ರಾಜ್ಯದ ಹೆಸರಿನಿಂದಲೇ, ನಿಸ್ಟಾಟಿನ್ ಎಂದು ನಾಮಕರಣವಾಯಿತು.

ನಿಸ್ಟಾಟಿನ್ ಶಿಲೀಂಧ್ರದ ಹೊರಪೊರೆಯಲ್ಲಿ ರಂಧ್ರ ಕೊರೆದು ಅದನ್ನು ಕೊಲ್ಲುತ್ತದೆ. ನುಂಗಿದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಆದುದರಿಂದಲೇ ಹಸುಗೂಸಿನ ಬಾಯಿಗೂ ಹಾಕಬಹುದು. ಹುಳುಕಡ್ಡಿಗೆ ಮಾತ್ರ ಇದು ನಾಟುವುದಿಲ್ಲ. ಹಕ್ಕುಸ್ವಾಮ್ಯದಿಂದ ಬಂದ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಮೀರಿದ ಹಣವನ್ನು ಆ ಇಬ್ಬರು ಮಹಿಳೆಯರು ತಮಗೆಂದು ಇಟ್ಟುಕೊಳ್ಳದೆ ವಿಜ್ಞಾನ ಸಂಶೋಧನೆಗೆ ಬಿಟ್ಟುಕೊಟ್ಟರು. ಹೇಝನ್ 1975ರಲ್ಲಿ ನಿಧನರಾದರು.

ಇಂದು ಸ್ತ್ರೀಯರ ಈ ತೊಂದರೆಗೆ ಕ್ಲೋಟ್ರಿಮಜೋಲ್ ಮುಂತಾದ ಔಷಧಿಗಳೂ ಬಳಕೆಯಲ್ಲಿವೆ. ಬಿಳಿಸೆರಗೆಲ್ಲವೂ ರೋಗವಲ್ಲ, ದುರ್ವಾಸನೆ ಅಥವಾ ಹಳದಿ ಬಣ್ಣವಿದ್ದರೆ ಕಾರಣ ಬೇರೆ ಇರಬಹುದು, ಔಷಧಿಯೂ ಬೇರೆ. ಆದುದರಿಂದ ಪರೀಕ್ಷೆ ಮಾಡಿಸದೆ ಮದ್ದು ಕೊಳ್ಳಬಾರದು. ಕೂಸಿನ ಬಾಯಿಗೆ ಔಷಧಿ ಹಾಕುವಾಗ ತಾಯಿಯ ಮೊಲೆತೊಟ್ಟಿನಲ್ಲಿ ಉರಿಯಿದ್ದರೆ ಅದಕ್ಕೂ ಜೊತೆಯಲ್ಲಿಯೇ ಚಿಕಿತ್ಸೆಯಾಗಬೇಕು; ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಪತಿಗೆ ತುರಿಕೆಯಿದ್ದರೆ ಅವನೂ ತೋರಿಸಿಕೊಳ್ಳಬೇಕು. ತೊಂದರೆ ಮತ್ತೆ ಮತ್ತೆ ಮರುಕಳಿಸುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸುವುದು ಅವಶ್ಯಕ.