ಕಾಲು ಮುಳುಗಿದರೆ ತಲೆ ನೋಡಿ

ಬೇಸಿಗೆ ರಜೆಯ ಈಜು ಶಿಬಿರದಲ್ಲಿ ಮೊದಲ ದಿನಗಳೆಲ್ಲ ನೀರಿನಲ್ಲಿ ಗುಳ್ಳೆ ಬಿಡುವುದರಲ್ಲೇ ಕಳೆಯುತ್ತವೆ. ‘ಕೈ ಬೀಸುವುದನ್ನು ಯಾವಾಗ ಕಲಿಸುತ್ತಾರೋ’ ಎಂದು ದಡದಲ್ಲಿ ಕೂತ ಅಪ್ಪ ಅಮ್ಮಂದಿರು ಗೊಣಗುವುದುಂಟು. ಆದರೆ ಕೋಚ್ ಮಾಡುತ್ತಿರುವುದೇ ಸರಿ. ಫ್ರೀಸ್ಟೈಲ್‌ನಲ್ಲಿ ಕೈಗಿಂತ ಮೊದಲು ಪಳಗಬೇಕಾದದ್ದು ಉಸಿರು.

ನಮ್ಮ ಮೈಯ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಎದೆ ತುಂಬ ಗಾಳಿ ಇದ್ದರೆ ತೇಲುತ್ತೇವೆ, ಪೂರ್ತಿ ಹೊರಬಿಟ್ಟರೆ ಬಹುತೇಕರು ಮುಳುಗುತ್ತೇವೆ. ಶ್ವಾಸಕೋಶ ಇರುವುದರಿಂದ ನೀರಿನ ಮೇಲ್ತಳ್ಳಿಕೆಯ ಕೇಂದ್ರ ಎದೆಯ ಕಡೆಗಿರುತ್ತದೆ. ತೂಕದ ಕೇಂದ್ರ ಅದಕ್ಕಿಂತ ಕೆಳಗೆ, ಹೊಕ್ಕುಳಿನ ಆಸುಪಾಸು. ಹಾಗಾಗಿ ನೀರಲ್ಲಿ ಮಲಗಿದ ಮೈ ಬಾವಿಯ ಏತದಂತೆ, ಒಂದು ತುದಿ ಏರಿದರೆ ಇನ್ನೊಂದು ಇಳಿಯುತ್ತದೆ. ಉಸಿರಿಗೆಂದು ಮಗು ತಲೆ ಎತ್ತಿತೋ, ಸೊಂಟ ಕುಸಿಯಿತು, ಕಾಲು ತಳ ಹುಡುಕಿತು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದನ್ನು ಓರೆಯಾದ ಮೈಯಿಂದ ಸೀಳುವುದು ಯಾರಿಗಾದರೂ ಕಷ್ಟವೇ. ‘ಜೋರಾಗಿ ಕಾಲು ಬಡಿ’ ಎಂದು ಕೂಗುವುದಕ್ಕಿಂತ ಮುಖ ಕೆಳಗೆ ಮಾಡಿಸುವುದು ಮೇಲು.

ಮುಖ ಮುಳುಗಿದೊಡನೆ ಮಗು ಉಸಿರು ಬಿಗಿಹಿಡಿಯುತ್ತದೆ. ಆಗ ಹುಟ್ಟುವ ಚಡಪಡಿಕೆಗೆ ಮುಖ್ಯ ಕಾರಣ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಬಾಯಿ ನೀರಿನಿಂದ ಹೊರಗಿರುವುದು ಕ್ಷಣಮಾತ್ರ. ಅಷ್ಟರಲ್ಲಿ ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವುದು ಆಗುವ ಮಾತಲ್ಲ. ಅದಕ್ಕೇ ಗುಳ್ಳೆಯಾಟ: ನೀರೊಳಗೇ ಬಿಟ್ಟು ಮುಗಿಸಿ, ತಲೆ ಎತ್ತದೆ ಮೈಯೊಂದಿಗೆ ಪಕ್ಕಕ್ಕೆ ಹೊರಳಿ, ಒಂದು ಕೆನ್ನೆ ನೀರಲ್ಲೇ ಇರುವಂತೆ ಎಳೆದುಕೊಳ್ಳುವುದು.

ಹಿಂದೆ ಕೆರೆ, ಬಾವಿಗಳಲ್ಲಿ ಕಲಿಯುವವರ ಬೆನ್ನಿಗೆ ಒಣಸೋರೆಯ ಈಜುಬುರುಡೆ ಕಟ್ಟುತ್ತಿದ್ದರು. ನನ್ನ ಮಟ್ಟಿಗೆ ಅದು ಇಂದಿನ ತೋಳಿನ ಗಾಳಿಚೀಲಕ್ಕಿಂತ ಜಾಣ ಸಾಧನ. ಬುರುಡೆ ಬೆನ್ನನ್ನು ಮೇಲೆತ್ತಿ ಮೈಯನ್ನು ಮಲಗಿಸುತ್ತದೆ. ಗಾಳಿಚೀಲ ಮಗುವನ್ನು ನೀರಲ್ಲಿ ನೆಟ್ಟಗೆ ನಿಲ್ಲಿಸುತ್ತದೆ. ಹಾಗೆ ನಿಂತು ಪಳಗಿದ ಮೈಗೆ ಮಲಗುವುದನ್ನು ಮತ್ತೆ ಮೊದಲಿನಿಂದ ಕಲಿಸಬೇಕು.

ಮೈ ಮಟ್ಟಸವಾಯಿತೆಂದರೆ ಮಿಕ್ಕದ್ದು ಬೇಗ ಕೂಡುತ್ತದೆ. ಕಾಲಿನ ಬಡಿತ ಸೊಂಟದಿಂದ ಬರಬೇಕು, ಸೈಕಲ್ ತುಳಿದಂತೆ ಮಂಡಿ ಮಡಚಬಾರದು, ಪಾದ ಸಡಿಲವಾಗಿರಬೇಕು. ಫ್ರೀಸ್ಟೈಲ್‌ನಲ್ಲಿ ಮುಂದೊಯ್ಯುವ ಬಲ ಬಹುಪಾಲು ಕೈಯದೇ. ಅಂಗೈ ಮಾತ್ರವಲ್ಲ, ಮುಂಗೈಯೂ ಸೇರಿ ನೀರನ್ನು ಹಿಂದಕ್ಕೆ ತಳ್ಳಬೇಕು.

ಇಷ್ಟೆಲ್ಲ ಕಲಿಸುವಾಗ ಚಳಿಯ ಮೇಲೂ ಕಣ್ಣಿರಲಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ಹೆಚ್ಚು, ಹಾಗಾಗಿ ದೊಡ್ಡವರಿಗಿಂತ ಮೊದಲೇ ಅವರಿಗೆ ಚಳಿ ಹತ್ತುತ್ತದೆ. ತುಟಿ ನೀಲಿಯಾಗಿ ಹಲ್ಲು ಕಟಕಟಿಸಲು ಶುರುವಾದರೆ ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು. ಅದರ ಮೇಲೆ ಇನ್ನೆರಡು ಸುತ್ತು ಹೊಡೆಸುವ ಕೋಚ್‌ನನ್ನು ಬದಲಿಸಿ.