ತಡೀರಿ ಸಾವಕಾರ್ರ, ಫಾರ್ಮ್ಯಾಟ್ ಹೊಡೀಬ್ಯಾಡ್ರಿ!

ಪಾರಿಶ್ವಾಡ: ಅಂಗಡಿ ಬಾಗಿಲು ತೆಗೆದು, ಊದಿನಕಡ್ಡಿ ಬೆಳಗಿ, ಗಲ್ಲಾ ಪೆಟ್ಟಿಗೆ ಮುಟ್ಟಿ ನಮಸ್ಕಾರ ಮಾಡಿ ಸಾವಕಾರರು ಕಂಪ್ಯೂಟರ್ ಚಾಲೂ ಮಾಡುತ್ತಾರೆ. ಪಾಸ್‌ವರ್ಡ್ ಕೇಳುತ್ತದೆ, ಹಾಕುತ್ತಾರೆ. ತೆರೆ ಒಮ್ಮೆ ಕಪ್ಪಾಗುತ್ತದೆ. ಇನ್ನೇನು ಒಳಗೆ ಹೋದೆವು ಎನ್ನುವಷ್ಟರಲ್ಲಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ! ಹತ್ತು ಸಲ ಹಾಕಿದರೂ ಅದೇ ಹಾಡು. ಒಳಗೆ ಬಿಡುವುದೂ ಇಲ್ಲ, ತಪ್ಪು ಎನ್ನುವುದೂ ಇಲ್ಲ.

ಖಾನಾಪುರ ತಾಲೂಕಿನ ಪಾರಿಶ್ವಾಡದಂಥ ಊರಿನ ಯಾವ ಕಿರಾಣಿ ಅಂಗಡಿಯಲ್ಲಾದರೂ ನಡೆಯಬಹುದಾದ ಫಜೀತಿ ಇದು. ಆ ಪೆಟ್ಟಿಗೆಯೊಳಗಿರುವುದು ಬರೀ ಸಿನಿಮಾ ಹಾಡಲ್ಲ. ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುತ್ತೇವೆಂದು ಸಾಮಾನು ಒಯ್ದವರ ಉದ್ರಿ ಲೆಕ್ಕ. ಕೈಯಲ್ಲಿ ಕೀರ್ದಿ ಬರೆಯುವುದನ್ನು ಬಿಟ್ಟು ವರ್ಷಗಳೇ ಆಗಿವೆ. ಲೆಕ್ಕ ಹೋದರೆ ಕೇಳುವುದು ಯಾರನ್ನು, ಎಷ್ಟನ್ನು?

“ಏನಾಗೇತಿ ನೋಡೋ ತಮ್ಮಾ” ಎಂದು ಊರ ಹುಡುಗನೊಬ್ಬನನ್ನು ಕರೆದರೆ ಅವನ ಬಾಯಲ್ಲಿ ಬರುವುದು ಒಂದೇ ಮಂತ್ರ:

“ಫಾರ್ಮ್ಯಾಟ್ ಹೊಡೀಬೇಕ್ರಿ ಸಾವಕಾರ್ರ.”

“ಮತ್ತ ಉದ್ರಿ ಲೆಕ್ಕ?”

“ಅದೂ ಹೋಗತೈತ್ರಿ. ಏನ್ ಮಾಡೂದು?”

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು! ಮನೆಯಲ್ಲಿ ಲಿನಕ್ಸ್ ಹಾಕಿದ ಕಂಪ್ಯೂಟರ್ ಇಟ್ಟುಕೊಂಡವರು ಮೊದಲು ತಿಳಿಯಬೇಕಾದ ಮಾತು ಇದೇ. ಹತ್ತರಲ್ಲಿ ಒಂಬತ್ತು ತೊಂದರೆಗೆ ಫಾರ್ಮ್ಯಾಟ್ ಮದ್ದಲ್ಲ. ಯಂತ್ರವೇ ತನ್ನ ರೋಗ ಹೇಳಿಕೊಳ್ಳುತ್ತದೆ. ಓದುವ ತಾಳ್ಮೆ ಬೇಕು, ಅಷ್ಟೇ.

ಈ ಲಿನಕ್ಸ್ ಎಲ್ಲಿಂದ ಬಂತು?

1991ರ ಆಗಸ್ಟ್ 25ರಂದು ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ತಾನೊಂದು ಕಾರ್ಯವ್ಯವಸ್ಥೆ ಬರೆಯುತ್ತಿದ್ದೇನೆ ಎಂದು ಲೋಕಕ್ಕೆ ತಿಳಿಸಿದ. ಅದರ ತಿರುಳಿಗೇ ಲಿನಕ್ಸ್ ಎಂದು ಹೆಸರಾಯಿತು. ಉಬುಂಟು, ಮಿಂಟ್ ಎಂದು ಇವತ್ತು ಕೇಳುವ ಹೆಸರುಗಳೆಲ್ಲ ಅದೇ ಬೀಜದ ಬೆಳೆ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಇನ್ನೊಬ್ಬರಿಗೆ ಕೊಡಲೂಬಹುದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಹಳೆಯ ಯಂತ್ರಗಳನ್ನು ಬಹಳ ಕಡೆ ಒಪ್ಪುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದಕ್ಕಿಂತ ಲಿನಕ್ಸ್ ಹಾಕುವುದು ಲೇಸು ಎಂದು ಅನೇಕರು ಅತ್ತ ತಿರುಗಿದರು.

ಕನ್ನಡಿಗರಿಗೆ ಇದೇನೂ ಹೊಸದಲ್ಲ. ಕೇರಳ ಸರಕಾರ ತನ್ನ ಶಾಲೆಗಳಲ್ಲಿ ಲಿನಕ್ಸನ್ನೇ ಕಲಿಸುತ್ತ ಬಂದಿದೆ. ಆ ಕೆಲಸ ನೋಡುತ್ತಿದ್ದ ‘ಐಟಿ ಅಟ್ ಸ್ಕೂಲ್’ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲಿ ಕೈಯಾಡಿಸುವುದು ಲಿನಕ್ಸ್ ಮೇಲೆಯೇ. ಮಕ್ಕಳು ನಡೆಸುವ ಯಂತ್ರಕ್ಕೆ ಹಿರಿಯರು ಹೆದರಬೇಕೆ?

ಕೋಣೆ ತುಂಬಿದರೆ ಬಾಗಿಲು ತೆಗೆಯದು

ಸಾವಕಾರರ ಫಜೀತಿಗೆ ಬರೋಣ. ಪಾಸ್‌ವರ್ಡ್ ಸರಿ ಇದ್ದೂ ಒಳಗೆ ಬಿಡದಿರುವುದಕ್ಕೆ ಸಾಮಾನ್ಯ ಕಾರಣಗಳಲ್ಲಿ ಒಂದು, ಡಿಸ್ಕ್ ಭರ್ತಿಯಾಗಿರುವುದು. ಒಳಗೆ ಬಿಡುವಾಗ ಯಂತ್ರ ನಾಲ್ಕು ಸಾಲು ತನಗಾಗಿ ಬರೆದುಕೊಳ್ಳಬೇಕು. ಬರೆಯಲು ಎಳ್ಳಷ್ಟೂ ಜಾಗವಿಲ್ಲದಿದ್ದರೆ ಬಂದವರನ್ನು ಬಾಗಿಲಿಗೇ ತಿರುಗಿ ಕಳಿಸುತ್ತದೆ.

ಇಂಥ ಹೊತ್ತಿನಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಈ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ತೆರೆಯ ಹಿತ್ತಲ ಬಾಗಿಲೊಂದು ತೆರೆಯುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬಹುದು. ಬಹಳ ಕಡೆ ಅಲ್ಲಿ ಪಾಸ್‌ವರ್ಡ್ ಒತ್ತುವಾಗ ಚುಕ್ಕಿಯೂ ಕಾಣದು, ನಕ್ಷತ್ರವೂ ಕಾಣದು. ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಸುಮ್ಮನೆ ಒತ್ತಿ ಎಂಟರ್ ಹೊಡೆಯಿರಿ. ಕ್ಯಾಪ್ಸ್ ಲಾಕ್ ದೀಪ ಹೊತ್ತಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಒಳಗೆ ಹೋಗಿ ‘ಡಿ’ ‘ಎಫ್’ ಎಂಬ ಎರಡು ಇಂಗ್ಲಿಷ್ ಅಕ್ಷರ ಒತ್ತಿದರೆ ಯಾವ ಕೋಣೆ ನೂರಕ್ಕೆ ಎಷ್ಟು ತುಂಬಿದೆ ಎಂದು ಪಟ್ಟಿ ಬರುತ್ತದೆ. 100 ಎಂದು ಕಂಡರೆ ಕಳ್ಳ ಸಿಕ್ಕ! ಎರಡೆರಡು ಸಲ ಇಳಿಸಿಕೊಂಡ ಮದುವೆ ವಿಡಿಯೋ, ಖಾಲಿ ಮಾಡದ ಕಸದ ಬುಟ್ಟಿ, ಹಳೆಯ ಅಪ್‌ಡೇಟುಗಳ ರಾಶಿ ಇವೇ ಆ ಜಾಗ ತಿಂದವು. ಬೇಡವಾದದ್ದನ್ನು ತೆಗೆದರೆ ಬಾಗಿಲು ತಾನೇ ತೆಗೆಯುತ್ತದೆ. ಉದ್ರಿ ಲೆಕ್ಕ ಇದ್ದಲ್ಲೇ ಇರುತ್ತದೆ.

ಯಂತ್ರ ಹೇಳತೈತಿ, ಕೇಳವ್ರು ಬೇಕು

ಮಳೆಗಾಲದಲ್ಲಿ ಗಾಳಿ ಬಿಟ್ಟರೆ ಕರೆಂಟು ಹೋಗುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟು ಹೋದರೆ ಉಬುಂಟು, ಮಿಂಟ್ ಮುಂತಾದವು ಮುಂದಿನ ಸಲ ತಕರಾರು ತೆಗೆಯುತ್ತವೆ: ‘ಕೆಲಸ ಅರ್ಧಕ್ಕೆ ನಿಂತಿದೆ, ಇಂಥ ಆಜ್ಞೆ ಕೊಟ್ಟು ಪೂರೈಸಿ’ ಎಂದು. ಕೊಡಬೇಕಾದ ಆಜ್ಞೆಯನ್ನೂ ಅದೇ ಸಾಲಿನಲ್ಲಿ ಬರೆದು ತೋರಿಸುತ್ತವೆ. ಅದನ್ನು ಅಕ್ಷರ ತಪ್ಪದಂತೆ ಒತ್ತಿದರೆ ಸಾಮಾನ್ಯವಾಗಿ ನಿಂತ ಗಾಡಿ ಹೊರಡುತ್ತದೆ.

ಇನ್ನು ಕೆಲವು ಸಲ ಯಂತ್ರ ಪೂರ್ತಿ ಏಳದೆ ಕಪ್ಪು ತೆರೆಯಲ್ಲಿ ನಿಂತು, ‘ಡಿಸ್ಕನ್ನು ಕೈಯಿಂದ ತಪಾಸಣೆ ಮಾಡಿ’ ಎನ್ನುತ್ತದೆ. ಅಲ್ಲೂ ಯಾವ ಡಿಸ್ಕ್, ಯಾವ ಭಾಗ ಎಂದು ಹೆಸರು ಹೇಳಿರುತ್ತದೆ. ಆದರೆ ಒಂದು ಎಚ್ಚರ: ಪೆಟ್ಟಿಗೆಯಿಂದ ‘ಟಕ್ ಟಕ್’ ಸದ್ದು ಬರುತ್ತಿದ್ದರೆ ತಪಾಸಣೆಗೆ ಇಳಿಯಬೇಡಿ. ಅದು ಹಾರ್ಡ್ ಡಿಸ್ಕ್ ಸಾಯುವ ಸೂಚನೆ. ಮೊದಲು ಲೆಕ್ಕದ ನಕಲು ತೆಗೆಯಿರಿ, ಉಳಿದದ್ದು ಆಮೇಲೆ.

ಬಂದ ಸಾಲನ್ನು ಮೊಬೈಲಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. “ಏನೋ ಇಂಗ್ಲಿಷಿನ್ಯಾಗ ಬಂದಿತ್ರಿ” ಎಂದರೆ ಯಾವ ತಜ್ಞನೂ ಏನೂ ಮಾಡಲಾರ. ಡಾಕ್ಟರ ಹತ್ತಿರ ಹೋಗಿ “ಎಲ್ಲೋ ನೋಯ್ತೈತ್ರಿ” ಎಂದ ಹಾಗೆ ಅದು.

ಮೊದಲು ಹೊರಗೆ, ಆಮೇಲೆ ಒಳಗೆ

ಗುಂಡಿ ಒತ್ತಿದರೂ ಯಂತ್ರ ಏಳಲೇ ಇಲ್ಲವೆ? ಲಿನಕ್ಸನ್ನು ಬೈಯಬೇಡಿ, ಅದು ಇನ್ನೂ ಎದ್ದೇ ಇಲ್ಲ. ಗೋಡೆಯ ಸ್ವಿಚ್ಚು, ಪ್ಲಗ್ಗು, ಪೆಟ್ಟಿಗೆ ಹಿಂದಿನ ವೈರು, ಮಾನಿಟರಿನ ವೈರು ಹೀಗೆ ಒಂದೊಂದಾಗಿ ಅಲುಗಿಸಿ ನೋಡಿ. ಬೇರೆ ವೈರು ಹಾಕಿ ನೋಡಿ.

ಫ್ಯಾನು ತಿರುಗಿ, ಬೀಪ್ ಬೀಪ್ ಎಂದು, ತೆರೆ ಮಾತ್ರ ಬರದಿದ್ದರೆ ಬಹಳ ಸಲ ರ‍್ಯಾಮ್ ಪಟ್ಟಿಯ ಕಿತಾಪತಿ. ವೈರು ಪೂರ್ತಿ ಕಿತ್ತು, ಕಬ್ಬಿಣದ ಭಾಗ ಮುಟ್ಟಿ ಮೈಯ ವಿದ್ಯುತ್ತು ಇಳಿಸಿ, ಪಟ್ಟಿ ತೆಗೆದು, ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ, ‘ಟಕ್’ ಎನ್ನುವಂತೆ ಕೂರಿಸಿದರೆ ಎಷ್ಟೋ ಯಂತ್ರ ಎದ್ದು ಕೂರುತ್ತವೆ.

ಕಿರಾಣಿ ಅಂಗಡಿಯ ಇನ್ನೊಂದು ವೈರಿ ಧೂಳು. ಹಿಟ್ಟು, ಖಾರದ ಪುಡಿ, ಬೀದಿಯ ಕೆಮ್ಮಣ್ಣು ಎಲ್ಲ ಸೇರಿ ಫ್ಯಾನಿನ ಬಾಯಿ ಕಟ್ಟಿದರೆ ಯಂತ್ರ ಕಾದು, ನಡುವೆಯೇ ಆರಿಹೋಗುತ್ತದೆ. ಒಣ ಕುಂಚದಿಂದ ಆಗಾಗ ಜಾಡಿಸಿ. ಕರೆಂಟು ಬರುವ ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ವೈರು ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು.

ಪೆಟ್ಟಿಗೆಯನ್ನು ಬಸ್ಸಿನಲ್ಲಿ ಬೆಳಗಾವಿಗೆ ಒಯ್ಯುವವರು ಸೀಟಿನ ಕೆಳಗೆ ಇಡದೆ, ದಪ್ಪ ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳುವುದು ಕ್ಷೇಮ. ರಸ್ತೆಯ ಕುಲುಕಾಟ ಹಾರ್ಡ್ ಡಿಸ್ಕಿಗೆ ಆಗಿಬರದು.

ಐದೂವರೆ ತಾಸಿನ ಜಗಳ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡ ಮನೆಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಬೆಳಿಗ್ಗೆ 10 ಗಂಟೆಗೆ ವಿಂಡೋಸ್ ತೆರೆದರೆ ಗಡಿಯಾರ ನಸುಕಿನ ನಾಲ್ಕೂವರೆ ತೋರಿಸುತ್ತದೆ! ಯಂತ್ರಕ್ಕೆ ಭೂತ ಬಡಿದಿಲ್ಲ. ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ. ವಿಂಡೋಸ್ ಅದನ್ನು ಭಾರತದ ಸಮಯವೆಂದೇ ಓದುತ್ತದೆ. ಎರಡಕ್ಕೂ ನಡುವೆ ಇರುವುದು ಸರಿಯಾಗಿ ಐದೂವರೆ ತಾಸು. ಒಳಗಿನ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಇಡು ಎಂದು ಲಿನಕ್ಸಿಗೆ ಒಮ್ಮೆ ಹೇಳಿದರೆ ಜಗಳ ಮುಗಿಯಿತು.

ಪ್ರತಿ ದಿನ ಬೆಳಿಗ್ಗೆ ತಾರೀಖೇ ಹಿಂದಕ್ಕೆ ಹೋಗುತ್ತಿದ್ದರೆ ಮಾತು ಬೇರೆ. ಪೆಟ್ಟಿಗೆಯೊಳಗೆ ನಾಣ್ಯದಂಥ 3 ವೋಲ್ಟಿನ ಸೆಲ್ಲು ಇರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಅದರ ನಂಬರು ‘ಸಿಆರ್ 2032’. ಅದು ಸತ್ತರೆ ಯಂತ್ರಕ್ಕೆ ಹೊತ್ತು ಗೊತ್ತಾಗದು. ಇಂಟರ್ನೆಟ್ ಸಿಕ್ಕ ಮೇಲೆ ಲಿನಕ್ಸ್ ತಾನೇ ಸರಿಮಾಡಿಕೊಳ್ಳುವುದುಂಟು. ಅಲ್ಲಿಯವರೆಗೆ ಬಿಲ್ಲಿನ ಮೇಲೆ ಹಳೆಯ ತಾರೀಖು ಬೀಳುತ್ತದೆ. ತಾರೀಖು ತಪ್ಪಿದ್ದರೆ ಬ್ಯಾಂಕಿನ ಪುಟವೂ ‘ಭದ್ರವಿಲ್ಲ’ ಎಂದು ತೆರೆಯದೆ ಹೋಗಬಹುದು. ಗಡಿಯಾರದ ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್ಲಿನಿಂದ ಮುಗಿಯುವ ಕೆಲಸಕ್ಕೆ ಹೊಸ ಕಂಪ್ಯೂಟರ್ ಕೊಳ್ಳುವುದೇ?

ಕನ್ನಡ ಕಾಣದಿದ್ದರೆ

‘ನುಡಿ’ಯಲ್ಲಿ ಬರೆದ ಹಳೆಯ ಕಾಗದ ಲಿನಕ್ಸಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಬರಹ ಕೆಟ್ಟಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ವಿಂಡೋಸಿಗಾಗಿ ಮಾಡಿದ್ದು. ಹಳೆಯ ಕಡತಗಳು ಯೂನಿಕೋಡಿಗೆ ಮುಂಚಿನ ಲಿಪಿಸಂಕೇತದಲ್ಲಿವೆ. ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಮ್ಮೆ ತಿರುಗಿಸಿಟ್ಟರೆ ಮೊಬೈಲಿನಲ್ಲೂ ಓದಬಹುದು.

ಹೊಸದಾಗಿ ಬರೆಯಲು ‘ಐಬಸ್’ ಎಂಬ ಸೌಕರ್ಯವಿದೆ. ಅದರ ಪಟ್ಟಿಯಲ್ಲಿ ‘ಕೆಜಿಪಿ’ ಎಂದು ಆರಿಸಿಕೊಂಡರೆ ‘ನುಡಿ’ಯಲ್ಲಿ ಕೈ ಪಳಗಿದವರಿಗೆ ಅದೇ ಕೀಲಿಗಳು, ಇದಕ್ಕೆ ಬುನಾದಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಮರಾಠಿ ಕಾಗದವೂ ಬರೆಯಬೇಕಾದ ನಮ್ಮ ತಾಲೂಕಿನಲ್ಲಿ ಪಕ್ಕದಲ್ಲೇ ಅದನ್ನೂ ಸೇರಿಸಿಕೊಳ್ಳಬಹುದು.

ಪ್ರಿಂಟರು, ನೆಟ್ಟು

ಕಾಗದ ಸಿಕ್ಕಿಬಿದ್ದ ಮೇಲೆ ಪ್ರಿಂಟರು ಮೌನವ್ರತ ಹಿಡಿದರೆ ಸರದಿ ‘ನಿಲ್ಲಿಸಲಾಗಿದೆ’ ಎಂದು ಇರುತ್ತದೆ. ಪ್ರಿಂಟರಿನ ಸೆಟ್ಟಿಂಗಿಗೆ ಹೋಗಿ ಹಳೆಯ ಕೆಲಸ ತೆಗೆದುಹಾಕಿ, ಮತ್ತೆ ಚಾಲೂ ಎಂದರೆ ಸಾಕು. ವೈಫೈ ಸಿಗುತ್ತಿಲ್ಲವೆ? ಮೊಬೈಲನ್ನು ಚಾರ್ಜರ್ ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ಸಾಮಾನ್ಯವಾಗಿ ಬೇರೇನೂ ಬೇಡದೆ ನೆಟ್ಟು ಬರುತ್ತದೆ. ಅದರಿಂದಲೇ ವೈಫೈಗೆ ಬೇಕಾದ ಡ್ರೈವರ್ ಇಳಿಸಿಕೊಳ್ಳಬಹುದು.

ವ್ಯಾಪಾರಸ್ಥರಿಗೆ ಒಂದು ಕಿವಿಮಾತು: ‘ಟ್ಯಾಲಿ’ಯಲ್ಲಿ ಲೆಕ್ಕ ಇಡುವವರು ಅವಸರದಲ್ಲಿ ವಿಂಡೋಸ್ ಅಳಿಸಬೇಡಿ. ಅದು ವಿಂಡೋಸಿಗೆಂದೇ ಮಾಡಿದ ತಂತ್ರಾಂಶ. ಲಿನಕ್ಸಿನಲ್ಲಿ ನೇರವಾಗಿ ನಡೆಯದು.

ಲೆಕ್ಕ ಉಳಿಸುವ ಪೆನ್‌ಡ್ರೈವ್

ಯಂತ್ರ ಯಾವ ಉಪಾಯಕ್ಕೂ ಏಳದಿದ್ದರೆ? ಆಗಲೂ ಲೆಕ್ಕ ಉಳಿಸಲು ದಾರಿಯಿದೆ. 8 ಜಿಬಿ ಪೆನ್‌ಡ್ರೈವಿನಲ್ಲಿ ಲಿನಕ್ಸ್ ತುಂಬಿಟ್ಟುಕೊಂಡರೆ ಡಿಸ್ಕನ್ನು ಮುಟ್ಟದೆ ಅದರಿಂದಲೇ ಕಂಪ್ಯೂಟರ್ ಎಬ್ಬಿಸಬಹುದು. ‘ಟ್ರೈ’, ‘ಇನ್‌ಸ್ಟಾಲ್’ ಎಂದು ಎರಡು ದಾರಿ ಕೇಳಿದರೆ ‘ಟ್ರೈ’ ಆರಿಸಿ. ಕೈ ತಪ್ಪಿ ‘ಇನ್‌ಸ್ಟಾಲ್’ ಹಿಡಿದು ಮುಂದೆ ಹೋದರೆ ಉಳಿಸಬೇಕಾದ ಲೆಕ್ಕವೇ ಅಳಿಸಿಹೋದೀತು. ಒಳಗೆ ಹೋಗಿ, ಹಳೆಯ ಡಿಸ್ಕ್ ತೆರೆದು, ಲೆಕ್ಕದ ಕಡತವನ್ನು ಇನ್ನೊಂದು ಪೆನ್‌ಡ್ರೈವಿಗೆ ನಕಲು ಮಾಡಿ. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕಿದ್ದರೆ ಅದರ ಪಾಸ್‌ವರ್ಡ್ ನೆನಪಿರಬೇಕು. ನಕಲಾದ ಮೇಲೆ ಫಾರ್ಮ್ಯಾಟ್ ಹೊಡೆಯುವುದಿದ್ದರೆ ಹೊಡೆಯಿರಿ, ಯಾರೂ ಬೇಡವೆನ್ನುವುದಿಲ್ಲ.

ಇನ್ನೆರಡು ಎಚ್ಚರ. ‘ಟೈಮ್‌ಶಿಫ್ಟ್’ ಇದೆ, ನಕಲು ತಾನೇ ಆಗುತ್ತದೆ ಎಂದು ಹಲವರು ನಂಬಿರುತ್ತಾರೆ. ಅದು ನೋಡಿಕೊಳ್ಳುವುದು ಯಂತ್ರದ ವ್ಯವಸ್ಥೆಯನ್ನು. ನಾವಾಗಿ ಹೇಳದಿದ್ದರೆ ನಮ್ಮ ಕಡತಗಳನ್ನು ಮುಟ್ಟುವುದಿಲ್ಲ. ಎರಡನೆಯದು, ‘ಸುಡೋ’ ಎಂದು ಶುರುವಾಗುವ ಆಜ್ಞೆ ಇಡೀ ಮನೆಯ ಬೀಗದ ಕೈ ಇದ್ದಂತೆ. ಯಾರೋ ಹೇಳಿದರೆಂದು ಅರ್ಥ ತಿಳಿಯದೆ ಒತ್ತಬೇಡಿ.

ಸಾವಕಾರರ ಅಂಗಡಿಯಲ್ಲಿ ಆ ಹೊತ್ತಿಗೆ ಖಾನಾಪುರದ ಕಾಲೇಜಿಗೆ ಹೊರಟ ಪಕ್ಕದ ಮನೆಯ ಹುಡುಗಿಯೊಬ್ಬಳು ಇಣುಕಿದಳೆನ್ನಿ.

“ಕಾಕಾ, ತಡೀರಿ. ಡಿಸ್ಕ್ ತುಂಬೇತೇನು ನೋಡೂಣು.”

“ನೋಡವಾ ತಂಗಿ. ಬಸ್ ತಪ್ಪೀತಲ್ಲ ನಿಂದು?”

“ಇನ್ನೊಂದು ಬರತೈತ್ರಿ.”

ಕಸದ ಬುಟ್ಟಿ ಖಾಲಿಯಾಯಿತು, ಬಾಗಿಲು ತೆಗೆಯಿತು, ಕಬ್ಬಿನವರ ಉದ್ರಿ ಸಾಲುಸಾಲಾಗಿ ತೆರೆಯ ಮೇಲೆ ಬಂತು. ಸಾವಕಾರರು ಮೊದಲು ಮಾಡಬೇಕಾದ ಕೆಲಸವೆಂದರೆ ಅದರ ನಕಲನ್ನು ಪೆನ್‌ಡ್ರೈವಿಗೆ ಹಾಕಿ ಗಲ್ಲಾ ಪೆಟ್ಟಿಗೆಯಲ್ಲಿಡುವುದು. ರೊಕ್ಕ ಎಣಿಸುವ ಹೊತ್ತಿನಲ್ಲಿ ದಿನವೂ ಒಂದು ನಕಲು. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ಅಳಿಸಿದ ಲೆಕ್ಕ ಬರುವುದಿಲ್ಲ.